ಕಾಯ್ದೆ ಬರೆಯುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೆ ಎರಡು ಶನಿವಾರ ಎಳೆಯ ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ಮಸೂದೆ ಬರೆಯುವುದನ್ನು ಹೇಳಿಕೊಡುತ್ತೇನೆ. ಜಯನಗರದ ನಮ್ಮ ಮನೆಯ ಮಹಡಿಯೇ ತರಗತಿ. ಅದಕ್ಕೂ ಮೊದಲು ಸರ್ಕಾರಿ ನೌಕರಿಯಲ್ಲಿ ಬಹುಕಾಲ ಮಸೂದೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು, ಕಡೆಕಡೆಗೆ ಕರಡನ್ನೂ ಬರೆದವನು. ಬರುವ ಮುಖಗಳು ಬದಲಾದರೂ ಕೇಳುವ ಪ್ರಶ್ನೆಗಳು ಅವೇ. ಒಂದು ಕಡೆ ಬರೆದಿಟ್ಟರೆ ಉಳಿದ ಹೊತ್ತನ್ನು ಕರಡು ತಿದ್ದಲು ಬಳಸಬಹುದು ಅನ್ನಿಸಿ ಇದನ್ನು ಬರೆದೆ. ಕೆಲವು ಉತ್ತರ ಉದ್ದ, ಕೆಲವು ಗಿಡ್ಡ. ನನಗೆ ಎಲ್ಲಿ ಕೋಪ ಬರುತ್ತದೋ ಅಲ್ಲಿ ಉದ್ದ.

ಕಾಯ್ದೆ ಬರೆಯುವವರು ಶಾಸಕರೇ ಅಲ್ಲವೇ?

ಒಪ್ಪಿಗೆ ಕೊಡುವವರು ಅವರು: ವಿಧಾನಸಭೆಯ 224 ಮಂದಿ, ವಿಧಾನ ಪರಿಷತ್ತಿನ 75 ಮಂದಿ. ಬರೆಯುವವರು ಬೇರೆ. ಸಂಬಂಧಪಟ್ಟ ಇಲಾಖೆಯಿಂದ ಪ್ರಸ್ತಾವನೆ ಹೊರಡುತ್ತದೆ, ಕಾನೂನು ಅಭಿಪ್ರಾಯ ಪಡೆಯುತ್ತಾರೆ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯಲ್ಲಿ ಅದಕ್ಕೆ ವಿಧೇಯಕದ, ಅಂದರೆ ಮಸೂದೆಯ, ರೂಪ ಬರುತ್ತದೆ. ಸಂಪುಟದ ಒಪ್ಪಿಗೆ, ಎರಡೂ ಸದನಗಳ ಅಂಗೀಕಾರ, ರಾಜ್ಯಪಾಲರ ಅನುಮತಿ, ರಾಜ್ಯಪತ್ರದಲ್ಲಿ ಪ್ರಕಟಣೆ. ಅಲ್ಲಿಗೆ ವಿಧೇಯಕವು ಅಧಿನಿಯಮ, ಅಂದರೆ ಕಾಯ್ದೆ, ಆಗುತ್ತದೆ.

ಕರಡುಗಾರನ ಹೆಸರು ಎಲ್ಲೂ ಅಚ್ಚಾಗುವುದಿಲ್ಲ. ಸಂವಿಧಾನದ ಮೊದಲ ಕರಡನ್ನು 1947ರ ಅಕ್ಟೋಬರ್ ಹೊತ್ತಿಗೆ ಸಿದ್ಧಪಡಿಸಿಕೊಟ್ಟ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ನನ್ನ ತರಗತಿಯಲ್ಲಿ ಹತ್ತರಲ್ಲಿ ಎಂಟು ಮಂದಿ ಅವರ ಹೆಸರು ಕೇಳಿರುವುದಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡಿದ ಅಂಬೇಡ್ಕರ್ ಮಾತ್ರ ಮರೆಯಲಿಲ್ಲ. ರಾವ್ ಅವರನ್ನೂ, ಮುಖ್ಯ ಕರಡುಗಾರ ಎಸ್. ಎನ್. ಮುಖರ್ಜಿ ಅವರನ್ನೂ ಹೆಸರು ಹಿಡಿದು ನೆನೆದರು.

ಕಾಯ್ದೆಯ ಭಾಷೆ ಯಾಕೆ ಅಷ್ಟು ಕಗ್ಗಂಟು?

ಅರ್ಧ ಕಾರಣ ಸರಿಯಾದದ್ದು, ಇನ್ನರ್ಧ ಸೋಮಾರಿತನ.

ಸರಿಯಾದ ಕಾರಣ ಇದು. ಪತ್ರ, ಲೇಖನ, ಕಥೆ ಓದುವವರು ಅರ್ಥ ಮಾಡಿಕೊಳ್ಳಬೇಕೆಂದು ಓದುತ್ತಾರೆ. ಕಾಯ್ದೆಯನ್ನು ಅತ್ಯಂತ ಎಚ್ಚರದಿಂದ ಓದುವವನು ಅದರಿಂದ ನುಣುಚಿಕೊಳ್ಳಬೇಕಾದವನು, ಜೊತೆಗೆ ಅವನು ಫೀಸು ಕೊಟ್ಟು ಇಟ್ಟುಕೊಂಡ ವಕೀಲ. 1872ರ ಸಾಕ್ಷ್ಯ ಅಧಿನಿಯಮ ಬರೆದ ಜೇಮ್ಸ್ ಸ್ಟೀಫನ್ ಮುಂದೆ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರಾಗಿ 1890ರ ಒಂದು ತೀರ್ಪಿನಲ್ಲಿ ಇದನ್ನೇ ಹೇಳಿದರು: ಒಳ್ಳೆಯ ಮನಸ್ಸಿನಿಂದ ಓದುವವನಿಗೆ ಅರ್ಥವಾದರೆ ಸಾಲದು, ಕೆಟ್ಟ ಮನಸ್ಸಿನಿಂದ ಓದುವವನೂ ತಪ್ಪರ್ಥ ಮಾಡಲಾಗದಂತೆ ಬರೆಯಬೇಕು.

ಸೋಮಾರಿತನ ಏನೆಂದರೆ, ಹಳೇ ಕಾಯ್ದೆಯ ಸಾಲನ್ನು ಹಾಗೇ ಎತ್ತಿ ಅಂಟಿಸುವುದು. "ತತ್ಕಾಲದಲ್ಲಿ ಜಾರಿಯಲ್ಲಿರುವ ಯಾವುದೇ ಇತರ ಕಾನೂನಿನಲ್ಲಿ ಏನೇ ಒಳಗೊಂಡಿದ್ದರೂ" ಎಂಬ ಮಂತ್ರ ಎಷ್ಟೋ ಮಸೂದೆಗಳಲ್ಲಿ ಸುಮ್ಮನೆ ಕೂತಿರುತ್ತದೆ. ಯಾವ ಕಾನೂನಿನ ಮೇಲೆ ಸವಾರಿ ಮಾಡಬೇಕಾಗಿದೆ ಎಂದು ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ.

ಒಂದು ಸಾಲನ್ನು ಕಟ್ಟಿ ತೋರಿಸಿ.

ತರಗತಿಯ ಮೊದಲ ದಿನ ನಾನು ಕೊಡುವ ಅಭ್ಯಾಸ ಟ್ಯಾಂಕರ್ ನೀರಿನದು. 2024ರ ಬೇಸಿಗೆ ನೆನಪಿರಬೇಕು. ಕೊಳವೆಬಾವಿಗಳು ಒಣಗಿ, ಟ್ಯಾಂಕರ್‌ನವರು ಹೇಳಿದ್ದೇ ರೇಟಾಗಿ, ಕೊನೆಗೆ ಜಿಲ್ಲಾಡಳಿತ ದರ ಗೊತ್ತುಪಡಿಸಬೇಕಾಯಿತು. ಅದಕ್ಕೊಂದು ಕಾಯ್ದೆ ಬರೆಯಿರಿ ಎನ್ನುತ್ತೇನೆ. ಹೆಚ್ಚಿನವರು ಬರೆದು ತರುವುದು ಇದನ್ನು:

"ಟ್ಯಾಂಕರ್‌ಗಳ ಮೂಲಕ ಅತಿಯಾದ ದರಕ್ಕೆ ನೀರು ಮಾರುವುದನ್ನು ತಡೆಯಲು ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಕಚೇರಿ ಕನ್ನಡದಲ್ಲಿ ಇದಕ್ಕಿಂತ ಸಲೀಸಾದ ವಾಕ್ಯ ಇಲ್ಲ. ಇದರಲ್ಲಿ ಮನುಷ್ಯರೂ ಇಲ್ಲ. ಕ್ರಮ ಕೈಗೊಳ್ಳುವವರು ಯಾರು? ಜಲಮಂಡಳಿಯೋ, ಸಾರಿಗೆ ಅಧಿಕಾರಿಯೋ, ಪೊಲೀಸರೋ? "-ಲಾಗುವುದು" ಬಂದ ಕಡೆ ಕರ್ತೃ ಕಾಣೆಯಾಗಿದ್ದಾನೆ ಎಂದು ತಿಳಿಯಿರಿ. "ಅತಿಯಾದ" ಎಂದರೆ ಎಷ್ಟು? "ಸೂಕ್ತ" ಎಂದು ತೀರ್ಮಾನಿಸುವವರು ಯಾರು?

ಇನ್ನು "ಟ್ಯಾಂಕರ್". ಲಾರಿಯ ಮೇಲಿನ ಟ್ಯಾಂಕು ಸರಿ. ಟ್ರ್ಯಾಕ್ಟರಿಗೆ ಕಟ್ಟಿದ ಟ್ಯಾಂಕು? ಗೂಡ್ಸ್ ಆಟೋದಲ್ಲಿಟ್ಟ ಸಿಂಟೆಕ್ಸ್? "6,000 ಲೀಟರಿಗಿಂತ ಕಡಿಮೆಯಿಲ್ಲದ" ಎಂದು ಬರೆದರೆ ನಾಳೆಯಿಂದ 5,900 ಲೀಟರಿನ ಟ್ಯಾಂಕುಗಳೇ ರಸ್ತೆಗೆ ಇಳಿಯುತ್ತವೆ. ಹೊಣೆ ಯಾರ ಮೇಲೆ? ಆರ್‌ಸಿ ಒಬ್ಬರ ಹೆಸರಲ್ಲಿ, ಓಡಿಸುವವನು ಇನ್ನೊಬ್ಬ, ಕೊಳವೆಬಾವಿ ಮೂರನೆಯವರದು, ಬುಕಿಂಗ್ ಪಡೆಯುವ ಫೋನು ನಾಲ್ಕನೆಯವರದು. ದೂರದ ಲೆಕ್ಕ ಎಲ್ಲಿಂದ? ನೀರು ತುಂಬಿದ ಜಾಗದಿಂದಲೋ, ಗಾಡಿ ನಿಲ್ಲುವ ಶೆಡ್ಡಿನಿಂದಲೋ? ವೈಟ್‌ಫೀಲ್ಡಿನ ಒಬ್ಬ ಹುಡುಗಿ ಎದ್ದು, "ಸರ್, ದರ ಸರಿಯಾಗೇ ತಗೋತಾರೆ. ಆಮೇಲೆ ಪೈಪ್ ಚಾರ್ಜು, ಮಹಡಿ ಚಾರ್ಜು, ಡ್ರೈವರ್ ಕಾಫಿಗೆ ಅಂತ ಇನ್ನೂರು ಸೇರಿಸ್ತಾರೆ" ಅಂದಳು. ಅಂದಿನ ತರಗತಿಯಲ್ಲಿ ನನಗೆ ಹೊಳೆಯದೆ ಹೋದದ್ದು ಅದೊಂದೇ.

ಮೂರು ಗಂಟೆಯ ಜಗಳದ ನಂತರ ಉಳಿದ ಸಾಲು:

"ಪರವಾನಗಿದಾರನು, ನೀರು ತುಂಬಿದ ಸ್ಥಳದಿಂದ ಇಳಿಸುವ ಸ್ಥಳದವರೆಗಿನ ರಸ್ತೆ ದೂರಕ್ಕೆ ಅನುಸೂಚಿಯಲ್ಲಿ ಗೊತ್ತುಪಡಿಸಿದ ದರವನ್ನು ಮೀರಿ, ಯಾವುದೇ ಹೆಸರಿನಲ್ಲಿ, ಯಾವುದೇ ಮೊತ್ತವನ್ನು ಪಡೆಯತಕ್ಕದ್ದಲ್ಲ."

"ಯಾವುದೇ ಹೆಸರಿನಲ್ಲಿ" ಎಂಬ ಎರಡು ಪದ ಆ ಹುಡುಗಿಯದು. ಅನುಸೂಚಿ ಎಂದರೆ ಕಾಯ್ದೆಯ ಕೊನೆಗೆ ಲಗತ್ತಿಸುವ ಪಟ್ಟಿ. ಇದೂ ಪೂರ್ತಿಯಲ್ಲ. ಪರವಾನಗಿಯನ್ನೇ ಪಡೆಯದವನು ತಾನು "ಪರವಾನಗಿದಾರ" ಅಲ್ಲವೆಂದು ಕೈತೊಳೆದುಕೊಳ್ಳುತ್ತಾನೆ. ಅದಕ್ಕೊಂದು ಬೇರೆ ಪ್ರಕರಣ (ಸೆಕ್ಷನ್) ಬೇಕು.

"ತಕ್ಕದ್ದು" ಯಾಕೆ? "ಬೇಕು" ಎಂದರೆ ಸಾಲದೇ?

ನನ್ನ ಮಟ್ಟಿಗೆ ಸಾಕು. ಆದರೆ "ತಕ್ಕದ್ದು" ಕಡ್ಡಾಯಕ್ಕೆ, "ಬಹುದು" ವಿವೇಚನೆಗೆ ಎಂಬ ರೂಢಿ ನಮ್ಮ ಕಾಯ್ದೆಗಳಲ್ಲಿ ಬೇರೂರಿದೆ. ಒಂದೇ ಕಾಯ್ದೆಯಲ್ಲಿ ಒಮ್ಮೆ ತಕ್ಕದ್ದು, ಒಮ್ಮೆ ಬೇಕು ಎಂದು ಬರೆದರೆ ಇವೆರಡರ ನಡುವೆ ಏನೋ ವ್ಯತ್ಯಾಸ ಇರಲೇಬೇಕು ಎಂದು ಯಾರಾದರೂ ವಾದ ಹೂಡುತ್ತಾರೆ. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂದು ಮೇಷ್ಟ್ರು ಹೇಳಿರುತ್ತಾರಲ್ಲ, ಇಲ್ಲಿ ಅದನ್ನು ಮರೆತುಬಿಡಿ. ಮೊದಲ ಪುಟದಲ್ಲಿ "ಬಾಡಿಗೆದಾರ" ಅಂದವನು ಕೊನೆಯ ಪುಟದವರೆಗೂ ಬಾಡಿಗೆದಾರನೇ. ನಡುವೆ "ನಿವಾಸಿ" ಆದರೆ ಕೆಟ್ಟಿತು.

ಕಾಯ್ದೆಯಲ್ಲಿ ಹೇಳದೆ ಬಿಟ್ಟದ್ದಕ್ಕೆ ಏನರ್ಥ?

ನನ್ನ ಪ್ರಕಾರ ಕರಡುಗಾರನ ಅತಿ ದೊಡ್ಡ ಗಂಡಾಂತರ ಇದು. ಕರ್ನಾಟಕದ್ದೇ ಉದಾಹರಣೆ ಇದೆ.

1978ರ ಪಿಟಿಸಿಎಲ್ ಕಾಯ್ದೆ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಅದನ್ನು ವಾಪಸು ಕೊಡಿಸುವ ಕಾಯ್ದೆ. ವಾಪಸಿಗಾಗಿ ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂದು ಅದರ 5ನೇ ಪ್ರಕರಣ ಹೇಳಿರಲಿಲ್ಲ. ಗಡುವೇ ಇಲ್ಲ ಎಂಬುದು ಜಮೀನು ಕಳೆದುಕೊಂಡವರ ವಾದ. ನೆಕ್ಕಂಟಿ ರಾಮಲಕ್ಷ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಬೇರೆ ಅರ್ಥ ಹಚ್ಚಿತು: ಗಡುವು ಬರೆದಿಲ್ಲವಾದರೂ ಸಮಂಜಸ ಕಾಲದೊಳಗೆ ಬರಬೇಕು. ಅದನ್ನು ಹಿಡಿದು ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳು ಬಿದ್ದವು. ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ಧರಣಿ ಕೂತವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಇದಕ್ಕೆ ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿತು.

ಯಾವ ಪಕ್ಷ ಸರಿ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. 1978ರಲ್ಲಿ ಒಂದು ಸಾಲು, "ಎಷ್ಟೇ ಕಾಲವಾದರೂ" ಎಂದೋ "ಇಂತಿಷ್ಟು ವರ್ಷದೊಳಗೆ" ಎಂದೋ ಬರೆದಿದ್ದರೆ ನಾಲ್ಕು ದಶಕದ ಕಚೇರಿ ಅಲೆದಾಟ ಎಷ್ಟೋ ತಪ್ಪುತ್ತಿತ್ತು. ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಇಟ್ಟಿದ್ದೇನೆ: ಅರ್ಜಿ, ಮೇಲ್ಮನವಿ, ದೂರು ಎಂಬ ಪದ ಬರೆದ ತಕ್ಷಣ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಯಾವಾಗ?" ಎಂದು ಗೀಚಬೇಕು.

ಪರಿಭಾಷೆ (ಪದದ ವ್ಯಾಖ್ಯಾನ) ಬರೆಯಲು ಆಗದ ವಿಷಯವಿದ್ದರೆ?

ಪಟ್ಟಿ ಮಾಡಿ. "ಮೌಢ್ಯ" ಎಂದರೇನು? ಒಬ್ಬರ ಭಕ್ತಿ ಇನ್ನೊಬ್ಬರಿಗೆ ಮೌಢ್ಯ. ಮೌಢ್ಯ ನಿಷೇಧ ಕಾಯ್ದೆಯ ಬಗ್ಗೆ ನಮ್ಮಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದದ್ದು ಇದಕ್ಕೇ. 2017ರಲ್ಲಿ ಅಂಗೀಕಾರವಾದ ರೂಪದಲ್ಲಿ ನಿಷೇಧಿಸಿದ ಆಚರಣೆಗಳು ಅನುಸೂಚಿಯಲ್ಲಿವೆ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಹಾಕುವುದು ಅಂಥದ್ದೊಂದು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಜ್ಯೋತಿಷ್ಯ, ವಾಸ್ತು ಸಲಹೆಗಳಿಗೆ ಇದು ಅನ್ವಯಿಸುವುದಿಲ್ಲ ಎಂದೂ ಬರೆದಿದ್ದಾರೆ. ರಾಜಿ ಹೆಚ್ಚಾಯಿತು ಎನ್ನುವವರಿದ್ದಾರೆ. ಕರಡಿನ ಕಣ್ಣಿನಿಂದ ನೋಡಿದರೆ ಪೊಲೀಸ್ ಠಾಣೆಯ ಕಾನ್‌ಸ್ಟೆಬಲ್‌ಗೆ ಪಟ್ಟಿ ಇರುವ ಕಾಯ್ದೆಯೇ ಕೈಗೆ ಸಿಗುವಂಥದ್ದು. ಪಟ್ಟಿಯ ದೋಷವೂ ಅದೇ: ಅದರಲ್ಲಿ ಇಲ್ಲದ ಹೊಸ ಕ್ರೌರ್ಯ ಹುಟ್ಟಿದರೆ ಕೈ ಕಟ್ಟಿ ಕೂರಬೇಕು.

ಅಂಕಿ ಹಾಕಿದರೆ ಸ್ಪಷ್ಟವಾಗುತ್ತದಲ್ಲ?

ಅರ್ಧ ಮಾತ್ರ. ಅಂಗಡಿಯ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಎಂದು ನಾವೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಬರೆಯಲು ಕೂತಾಗ ಅಳತೆಪಟ್ಟಿ ಕೈಗೆ ಬರಬೇಕು: ಫಲಕದ ಜಾಗದಲ್ಲಿ ಅರವತ್ತೋ, ಅಕ್ಷರದ ಎತ್ತರದಲ್ಲೋ, ಪದಗಳ ಎಣಿಕೆಯಲ್ಲೋ? ಲೋಗೋ ಯಾವ ಲೆಕ್ಕಕ್ಕೆ? ಚಿಕ್ಕಪೇಟೆಯಲ್ಲಿ ಒಂದು ಸುತ್ತು ಹಾಕಿ, ಟೇಪು ಹಿಡಿದ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿ.

ಸಣ್ಣ ಬೆರಳಚ್ಚು ತಪ್ಪಿನಿಂದ ದೊಡ್ಡ ಅನಾಹುತ ಆಗಿದೆಯೇ?

ಬೆರಳಚ್ಚಿನದಲ್ಲ, ಸಂಖ್ಯೆ ಬದಲಿಸುವಾಗ ಆದದ್ದು. ಮಾದಕವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ "ಅಕ್ರಮ ಸಾಗಾಟ" ಎಂಬುದರ ಪರಿಭಾಷೆ 2ನೇ ಪ್ರಕರಣದ ಒಂದು ಖಂಡದಲ್ಲಿ (ಉಪವಿಭಾಗದಲ್ಲಿ) ಇತ್ತು. ಅಂಥ ಸಾಗಾಟಕ್ಕೆ ಹಣ ಒದಗಿಸುವವರನ್ನು ಶಿಕ್ಷಿಸುವ 27ಎ ಪ್ರಕರಣ ಆ ಖಂಡದ ಸಂಖ್ಯೆಯನ್ನೇ ಬೊಟ್ಟು ಮಾಡುತ್ತಿತ್ತು. 2014ರಲ್ಲಿ ಹೊಸದೊಂದು ಪರಿಭಾಷೆ ಸೇರಿಸುವಾಗ ಹಳೆಯದನ್ನು ಮುಂದಿನ ಸಂಖ್ಯೆಗೆ ಸರಿಸಿದರು. 27ಎ ಪ್ರಕರಣವನ್ನು ಮುಟ್ಟಲು ಮರೆತರು. ಶಿಕ್ಷೆ ಹೇಳುವ ಪ್ರಕರಣದ ಬೆರಳು ಈಗ ಔಷಧಿಗೆ ಬೇಕಾದ ವಸ್ತುಗಳ ಪರಿಭಾಷೆಯ ಕಡೆಗೆ! ಏಳು ವರ್ಷ ಹಾಗೇ ನಡೆಯಿತು. 2021ರಲ್ಲಿ ತ್ರಿಪುರಾ ಹೈಕೋರ್ಟ್ ಎತ್ತಿ ತೋರಿಸಿದ ಮೇಲೆ ಸುಗ್ರೀವಾಜ್ಞೆ ತಂದು, 2014ರಿಂದಲೇ ಅನ್ವಯವಾಗುವಂತೆ ಸರಿಪಡಿಸಿದರು. ಆರೋಪಿಯ ವಿರುದ್ಧ ಹಿಂದಿನ ತಾರೀಖಿನಿಂದ ಅಪರಾಧ ಹೊರಿಸಲು ಸಂವಿಧಾನದ 20ನೇ ಅನುಚ್ಛೇದ ಬಿಡುವುದಿಲ್ಲ, ಹಾಗಾಗಿ ಆ ರಿಪೇರಿಯೂ ವಾದಕ್ಕೆ ಎಡೆಕೊಟ್ಟಿತು.

ನೀತಿ ಪಾಠ ಬೇಡ, ವಿಧಾನ ಹೇಳುತ್ತೇನೆ. ತಿದ್ದುಪಡಿಯಲ್ಲಿ ಹೊಸದನ್ನು ಸೇರಿಸಬೇಕಾದರೆ ಹಳೆಯ ಸಂಖ್ಯೆಯನ್ನು ಅಲುಗಾಡಿಸಬೇಡಿ. 12ಎ, 12ಬಿ ಎಂದು ಎಷ್ಟು ಕುರೂಪವಾದರೂ ಚಿಂತೆಯಿಲ್ಲ.

ಕಾಯ್ದೆಯ ಕನ್ನಡ ಪಾಠ (ಪಠ್ಯ), ಇಂಗ್ಲಿಷ್ ಪಾಠ ಬೇರೆ ಬೇರೆ ಅರ್ಥ ಕೊಟ್ಟರೆ?

ಸಂವಿಧಾನದ 348ನೇ ಅನುಚ್ಛೇದದ ಪ್ರಕಾರ ಅಧಿಕೃತ ಪಾಠ ಇಂಗ್ಲಿಷಿನಲ್ಲಿರಬೇಕು. ರಾಜ್ಯವು ತನ್ನ ಭಾಷೆಯಲ್ಲಿ ಕಾಯ್ದೆ ಮಾಡಿಕೊಂಡರೂ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನೇ ಇಂಗ್ಲಿಷಿನ ಅಧಿಕೃತ ಪಾಠವೆಂದು ಭಾವಿಸಬೇಕು. ಹೈಕೋರ್ಟಿನ ವ್ಯವಹಾರ ನಡೆಯುವುದೂ ಆ ಭಾಷೆಯಲ್ಲೇ.

ಇಲ್ಲಿ ನನ್ನದೊಂದು ಹಳೇ ಹಟವಿದೆ. ಕರಡನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಭಾಷಾಭಿಮಾನಕ್ಕೆ ಹೇಳುತ್ತಿಲ್ಲ, ಅನುವಾದಕನಾಗಿ ಪಟ್ಟ ಪಾಡಿನಿಂದ ಹೇಳುತ್ತಿದ್ದೇನೆ. ನಮ್ಮ ಮೇಜಿಗೆ ಬರುತ್ತಿದ್ದ ಇಂಗ್ಲಿಷ್ ವಾಕ್ಯಗಳಲ್ಲಿ ಹತ್ತು ಸಾಲಿಗೊಮ್ಮೆ ಪೂರ್ಣವಿರಾಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹತ್ತು ಸಾಲಿನ ವಾಕ್ಯವನ್ನು ಹಾಗೇ ತಂದರೆ ಓದುವವನು ಒಂಬತ್ತೂವರೆ ಸಾಲಿನವರೆಗೆ ಉಸಿರು ಹಿಡಿದು ಕಾಯಬೇಕು: ಮಾಡು ಅಂತಿದೆಯೋ, ಮಾಡಬೇಡ ಅಂತಿದೆಯೋ? ಒಡೆಯಲು ಕೂತಾಗ ಒಳಗೆ ಮೂರು ವಿಷಯ ಕಲಸಿಹೋಗಿರುವುದು ಗೊತ್ತಾಗುತ್ತಿತ್ತು. ಅದನ್ನು ಬರೆದವರ ಬಳಿ ಹೋಗಿ ಕೇಳಿದರೆ, "ನೀವು ಇದ್ದದ್ದನ್ನು ಅನುವಾದ ಮಾಡಿ" ಎನ್ನುವ ಉತ್ತರ. ಕನ್ನಡದಲ್ಲಿ ಮೊದಲೇ ಬರೆದಿದ್ದರೆ ಆ ಕಲಸುಮೇಲೋಗರ ಕರಡಿನ ಹಂತದಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು.

ರಾಜ್ಯ ಯಾವ ವಿಷಯಕ್ಕಾದರೂ ಕಾಯ್ದೆ ಮಾಡಬಹುದೇ?

ಸಂವಿಧಾನದ ಏಳನೇ ಅನುಸೂಚಿ ನೋಡಿ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿ. ಸಮವರ್ತಿ ವಿಷಯದಲ್ಲಿ ಕೇಂದ್ರ ಕಾಯ್ದೆಗೆ ವಿರುದ್ಧವಾದ ರಾಜ್ಯ ಕಾಯ್ದೆ ಉಳಿಯಬೇಕಾದರೆ ರಾಷ್ಟ್ರಪತಿಗಳ ಅನುಮತಿ ಬೇಕು. ಕಂಬಳ ಉಳಿದದ್ದು ಈ ದಾರಿಯಲ್ಲಿ. ಪ್ರಾಣಿ ಹಿಂಸೆ ತಡೆಯ ಕೇಂದ್ರ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅನುಮತಿ 2018ರಲ್ಲಿ ಸಿಕ್ಕಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆನ್‌ಲೈನ್ ಆಟಗಳ ಮೇಲೆ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಗೆ ಆ ಅದೃಷ್ಟ ಇರಲಿಲ್ಲ. ರಾಜ್ಯದ ಕೈಲಿರುವುದು ಜೂಜು, ಕೌಶಲದ ಆಟವನ್ನೂ ಪರಿಭಾಷೆಯೊಳಗೆ ಎಳೆದುಕೊಂಡದ್ದು ಸಲ್ಲದು ಎಂದು 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟೇ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು.

ಶಿಕ್ಷೆ ಜಾಸ್ತಿ ಮಾಡಿದರೆ ಕಾಯ್ದೆ ಗಟ್ಟಿಯಾಗುತ್ತದಲ್ಲವೇ?

ಪತ್ರಿಕಾಗೋಷ್ಠಿಗೆ ಗಟ್ಟಿ. ಕಿರು ಸಾಲ ಕೊಡುವವರ ಕಿರುಕುಳ ತಡೆಯಲು 2025ರಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇತ್ತು. ಶಿಕ್ಷೆ ಅತಿಯಾಯಿತು ಎಂಬುದೂ ಸೇರಿದಂತೆ ಆಕ್ಷೇಪಗಳನ್ನೆತ್ತಿ ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ, ಆಮೇಲೆ ಅಂಕಿತ ಹಾಕಿದರು.

ನನಗೆ ಇಷ್ಟವಾದ ಕಾಯ್ದೆಯಲ್ಲಿ ಜೈಲಿನ ಮಾತೇ ಇಲ್ಲ. 2011ರ ಸಕಾಲ ಕಾಯ್ದೆ. ಅನುಸೂಚಿಯಲ್ಲಿ ಸೇವೆಯ ಹೆಸರು, ಕೊಡಬೇಕಾದ ಅಧಿಕಾರಿ, ದಿನಗಳ ಗಡುವು, ಮೇಲ್ಮನವಿ ಯಾರ ಬಳಿ ಎಂಬುದು ಒಂದೇ ಸಾಲಿನಲ್ಲಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಅರ್ಜಿದಾರನಿಗೆ. ಮೊತ್ತ ನಗೆ ತರಿಸುವಂಥದ್ದು, ನಿಜ. ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗಬೇಕು, ಕಡತದಲ್ಲಿ ದಾಖಲಾಗಬೇಕು. ಜಾರಿ ಹೇಗಿದೆ ಎಂಬುದು ಬೇರೆ ಪುರಾಣ. ಬರವಣಿಗೆಯಾಗಿ ಅದರಲ್ಲಿ ಕರ್ತೃ ಕಾಣೆಯಾಗಿಲ್ಲ.

ಅಂಗೀಕಾರವಾದ ಕಾಯ್ದೆ ಯಾಕೆ ಜಾರಿಗೆ ಬಂದಿರುವುದಿಲ್ಲ?

ಮೊದಲ ಪ್ರಕರಣ ಓದಿ. "ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು" ಎಂದಿದ್ದರೆ ಆ ದಿನ ಬರುವವರೆಗೆ ಅದು ಕಾಗದ. ಮೇಲೆ ಹೇಳಿದ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ಕರಡಿಗೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಿದರೆ ಯಾರಾದರೂ ಓದುತ್ತಾರೆಯೇ?

ಕರಡು ವಿಧೇಯಕವನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂಬ 2014ರ ನೀತಿ ಕೇಂದ್ರ ಸರ್ಕಾರದ್ದು. ರಾಜ್ಯಗಳನ್ನು ಅದು ಕಟ್ಟಿಹಾಕುವುದಿಲ್ಲ. ಕರಡು ನಿಯಮಗಳಿಗೆ ಮಾತ್ರ ಎಷ್ಟೋ ಕಾಯ್ದೆಗಳಲ್ಲೇ ಪೂರ್ವಪ್ರಕಟಣೆಯ ಷರತ್ತಿರುತ್ತದೆ, ಹಾಗಾಗಿ ರಾಜ್ಯಪತ್ರದ ಮೇಲೆ ಕಣ್ಣಿಡಿ. ಓದುತ್ತಾರೆ, ಓದುವಂತೆ ಬರೆದರೆ. "ಈ ಜನವಿರೋಧಿ ಮಸೂದೆಯನ್ನು ಖಂಡಿಸುತ್ತೇವೆ" ಎಂಬ ನೂರು ಪತ್ರ ಒಂದೇ ಕಟ್ಟಿಗೆ ಹೋಗುತ್ತವೆ. "7ನೇ ಖಂಡದಲ್ಲಿ 'ಮತ್ತು' ಇರುವಲ್ಲಿ 'ಅಥವಾ' ಬೇಕು, ಇಲ್ಲದಿದ್ದರೆ ವಿಧವೆಯರು ಹೊರಗುಳಿಯುತ್ತಾರೆ" ಎಂದು ಬಂದ ಒಂದು ಅಂಚೆ ಕಾರ್ಡಿಗೆ ನಾವು ಇಡೀ ಮಧ್ಯಾಹ್ನ ಕೂತದ್ದುಂಟು.

ಕಲಿಯಲು ಎಲ್ಲಿಂದ ಶುರುಮಾಡಲಿ?

ಮೈಸೂರು ಸಂಸ್ಥಾನದ ಕಾಲದ, ಈಗಲೂ ಚಾಲ್ತಿಯಲ್ಲಿರುವ 1899ರ ಸಾಮಾನ್ಯ ಖಂಡಗಳ ಅಧಿನಿಯಮದಿಂದ. ಪುಟ ಕಡಿಮೆ. "ತಿಂಗಳು" ಎಂದರೇನು, ನಿರಸನವಾದ (ರದ್ದಾದ) ಕಾಯ್ದೆಯಡಿ ನಡೆದ ಕೆಲಸಗಳ ಗತಿಯೇನು, ಎಲ್ಲ ಅಲ್ಲಿದೆ. ಅದನ್ನು ಓದದವರೇ ಪ್ರತಿ ಮಸೂದೆಯಲ್ಲೂ ಅವನ್ನು ಮತ್ತೆ ಬರೆದು ಗೋಜಲು ಮಾಡುತ್ತಾರೆ.

ಕರಡು ಮುಗಿಯಿತು ಎಂದು ಗೊತ್ತಾಗುವುದು ಹೇಗೆ?

ಜಾರಿ ಮಾಡಬೇಕಾದವರಿಗೆ ಓದಿ ಹೇಳಿ. ನಮ್ಮ ತಂಗಿಯ ಅಪಾರ್ಟ್‌ಮೆಂಟಿನ ಬೈಲಾ ತಿದ್ದಿಕೊಡು ಎಂದು ಅಲ್ಲಿಯವರು ದುಂಬಾಲು ಬಿದ್ದಾಗ, ಇಷ್ಟು ವರ್ಷದ ಅನುಭವಸ್ಥನೆಂಬ ಜಂಬದಲ್ಲಿ ಒಂದೇ ರಾತ್ರಿ ಬರೆದುಕೊಟ್ಟೆ. "ಅತಿಥಿಗಳ ವಾಹನಗಳನ್ನು ಆವರಣದಲ್ಲಿ ಹೆಚ್ಚು ಹೊತ್ತು ನಿಲ್ಲಿಸತಕ್ಕದ್ದಲ್ಲ" ಎಂಬುದು ಅದರ ಒಂದು ಸಾಲು. ಬೆಳಿಗ್ಗೆ ಗೇಟಿನ ಬಳಿ ಕಾಫಿ ಕುಡಿಯುತ್ತಾ ವಾಚ್‌ಮನ್‌ಗೆ ಓದಿ ಹೇಳಿದೆ. ರಾಯಚೂರು ಕಡೆಯವರು, ನನಗಿಂತ ಹಿರಿಯರು. ಪೂರ್ತಿ ಕೇಳಿಸಿಕೊಂಡು, "ಹೆಚ್ಚು ಹೊತ್ತಂದ್ರ ಎಷ್ಟ್ ತಾಸ್ರೀ ಸಾಹೇಬ್ರ? ನಾ ಏಳಕ್ಕ ಡ್ಯೂಟಿ ಮುಗಿಸಿ ಹೋಗ್ತೀನ್ರಿ. ಆಮ್ಯಾಲ ಬರಾಂವಗ ಕಾರು ಯಾವಾಗ ಬಂತಂತ ಯಾರ್ ಹೇಳ್ಬೇಕು?" ಅಂದರು.

ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ. ಮೂರನೇ ಕರಡಿನಲ್ಲಿ ಗಂಟೆ ಬಂತು, ಗೇಟಿನ ರಿಜಿಸ್ಟರ್ ಬಂತು, ಅದರಲ್ಲಿ ಹೊತ್ತು ಬರೆಯಬೇಕಾದವರು ಯಾರೆಂದೂ ಬಂತು.